ಮುಂಗಡ ಕೊಡುವ ಮುನ್ನ ಜಮೀನಿನ ನೀರಿನ ಋಣಭಾರ ತಿಳಿಯಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಸುತ್ತ ಜಮೀನು ಕೊಳ್ಳುವವರು ಕಾಗದಪತ್ರಗಳ ವಿಷಯದಲ್ಲಿ ಈಗ ಸಾಕಷ್ಟು ಎಚ್ಚರವಾಗಿದ್ದಾರೆ. ಜಮೀನಿನ ಮೇಲೆ ಯಾವ ಸಾಲ, ಕರಾರು ಇದೆ ಎಂದು ತೋರಿಸುವ ಮೂವತ್ತು ವರ್ಷಗಳ ಋಣಭಾರ ಪತ್ರ ತೆಗೆಸುತ್ತಾರೆ, ವಂಶವೃಕ್ಷ ಕೇಳುತ್ತಾರೆ, ಹೆಣ್ಣುಮಕ್ಕಳ ಸಹಿ ಬಿದ್ದಿದೆಯೇ ಎಂದು ನೋಡುತ್ತಾರೆ, ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದರೆ ಅದರ ಪರಭಾರೆಯನ್ನು ನಿರ್ಬಂಧಿಸುವ 1978ರ ಕಾಯ್ದೆ ಅಡ್ಡ ಬರುತ್ತದೆಯೇ ಎಂದು ವಕೀಲರಲ್ಲಿ ವಿಚಾರಿಸುತ್ತಾರೆ. ಇಷ್ಟೆಲ್ಲ ಮಾಡಿದವರೂ ಆ ಜಮೀನಿಗೆ ಮಳೆನೀರು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆ ಎಂದು ಕೇಳುವುದಿಲ್ಲ. ಭೂಮಾಪನ ಇಲಾಖೆಯಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಸರಪಳಿ ಹಿಡಿದು ನಿವೃತ್ತನಾದ ನಾನು, ನೀರು ಹೋಗುವ ದಾರಿ ತಿಳಿಯದೆ ಮುಂಗಡ ಕೊಟ್ಟು ಕೈ ಸುಟ್ಟುಕೊಂಡ ಹಲವರನ್ನು ಕಂಡಿದ್ದೇನೆ. ಅವರಲ್ಲಿ ನನ್ನ ಅಕ್ಕನ ಮಗನೂ ಒಬ್ಬ. ಆ ಅನುಭವದಿಂದ ಹುಟ್ಟಿದ ಒಂದು ಸಲಹೆಯನ್ನು ನಿಮ್ಮ ಪತ್ರಿಕೆಯ ಮೂಲಕ ಸರ್ಕಾರದ ಮುಂದೆ ಇಡಲು ಬಯಸುತ್ತೇನೆ.

ಎರಡು ವರ್ಷಗಳ ಹಿಂದಿನ ಮಾತು. ಅಕ್ಕನ ಮಗನಾದ ಆ ಅಳಿಯನೂ ಅವನ ಮೂವರು ಗೆಳೆಯರೂ ಸೇರಿ ಬೆಂಗಳೂರು ಪೂರ್ವ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 3 ಎಕರೆ 14 ಗುಂಟೆ ಜಮೀನಿಗೆ ಕ್ರಯದ ಕರಾರು ಮಾಡಿಕೊಂಡು, ಅಪಾರ್ಟ್‌ಮೆಂಟ್ ಕಟ್ಟುವ ಯೋಚನೆಯಲ್ಲಿದ್ದರು. "ಮಾವ, ಡಾಕ್ಯುಮೆಂಟ್ಸ್ ಎಲ್ಲ ಕ್ಲಿಯರ್ ಇದೆ, ಸುಮ್ನೆ ಒಂದ್ಸಲ ಬಂದು ನೋಡಿ" ಎಂದು ಕರೆದುಕೊಂಡು ಹೋದ. ಮಾರ್ಚ್ ತಿಂಗಳ ಬಿಸಿಲು, ನೆಲವೆಲ್ಲ ಒಣಗಿ ಬಿರಿದಿತ್ತು. ಜಮೀನಿನ ಮುಂದಿನ ಡಾಂಬರು ರಸ್ತೆಯ ಕೆಳಗೆ ಎರಡು ಕಣ್ಣಿನ ಮೋರಿ ಇತ್ತು. ನೀರೇ ಇಲ್ಲದ ಕಡೆ ಲೋಕೋಪಯೋಗಿಯವರು ಎರಡು ಕಣ್ಣಿನ ಮೋರಿ ಕಟ್ಟುವುದಿಲ್ಲ. ಮೋರಿಯಿಂದ ಆಚೆಗೆ ನೋಡಿದರೆ ಜಮೀನಿನ ನಡುಮಧ್ಯೆ ಒಂದು ತಗ್ಗು, ತಗ್ಗಿನುದ್ದಕ್ಕೂ ಹೊಂಗೆ ಮರಗಳ ಸಾಲು, ಬುಡದಲ್ಲಿ ಒಣಗಿ ನಿಂತ ಜೊಂಡು. ಕಾಲಿನಿಂದ ಕೆದಕಿದರೆ ಸುತ್ತಲಿನ ಕೆಂಪು ಮಣ್ಣಿನ ಬದಲು ಕಪ್ಪು ಮೆಕ್ಕಲು ಬಂತು. ಕುರಿ ಕಾಯುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ. "ಮ್ಯಾಗ್ಳ ಕೆರೆ ಕೋಡಿ ಬಿದ್ದ ವರ್ಷ ಇಲ್ಲಿ ಕುರಿ ದಾಟ್ಸಕ್ಕಾಗಲ್ಲ ಸ್ವಾಮಿ" ಎಂದರು. ಆಗಲೇ ಇಪ್ಪತ್ತೈದು ಲಕ್ಷ ಮುಂಗಡ ಕೊಟ್ಟಾಗಿತ್ತು.

ಗ್ರಾಮ ನಕ್ಷೆ ತೆಗೆಸಿ ನೋಡಿದಾಗ ಆ ತಗ್ಗು ಎರಡು ಗೆರೆ ಎಳೆದು ಗುರುತಿಸಿದ ಹಳ್ಳವಾಗಿ ಸ್ಪಷ್ಟವಾಗಿ ಕಾಣಿಸಿತು. ಪಹಣಿಯ ಮೂರನೇ ಅಂಕಣದಲ್ಲಿ 11 ಗುಂಟೆ ಬಿ ಖರಾಬು ಎಂದು ನಮೂದಾಗಿತ್ತು. ಖರಾಬಿನಲ್ಲಿ ಎರಡು ಬಗೆಯಿದೆ. ಬಂಡೆ, ಮನೆಯ ಜಾಗದಂತಹ ಸಾಗುವಳಿಗೆ ಬಾರದ ನೆಲ ಎ ಖರಾಬು, ಅದು ಹಿಡುವಳಿದಾರನ ಜೊತೆಗೇ ಇರುತ್ತದೆ. ಹಳ್ಳ, ದಾರಿ, ಸ್ಮಶಾನದಂತಹ ಸಾರ್ವಜನಿಕ ಉಪಯೋಗದ ನೆಲ ಬಿ ಖರಾಬು, ಅದು ಸರ್ಕಾರದ್ದು. ಸರ್ಕಾರದ ಆ 11 ಗುಂಟೆಗೂ ದಲ್ಲಾಳಿ ಪೂರ್ತಿ ಬೆಲೆ ಕಟ್ಟಿದ್ದ. ಆದರೆ ನಿಜವಾದ ನಷ್ಟದ ಮುಂದೆ ಈ 11 ಗುಂಟೆ ಏನೇನೂ ಅಲ್ಲ.

ಯಾವ ಜಾಗದಲ್ಲಿ ಏನು ಕಟ್ಟಬಹುದೆಂದು ಹೇಳುವ, ಬೆಂಗಳೂರಿಗೆ 2007ರಿಂದ ಜಾರಿಯಲ್ಲಿರುವ ‘ಪರಿಷ್ಕೃತ ಮಹಾಯೋಜನೆ 2015’ರ ಪ್ರಕಾರ ಪ್ರಥಮ, ದ್ವಿತೀಯ, ತೃತೀಯ ದರ್ಜೆಯ ಕಾಲುವೆಗಳ ಮಧ್ಯರೇಖೆಯಿಂದ ಎರಡೂ ಬದಿಗೆ ಕ್ರಮವಾಗಿ 50, 25 ಮತ್ತು 15 ಮೀಟರ್, ಕೆರೆಯ ಸುತ್ತ 30 ಮೀಟರ್ ಜಾಗವನ್ನು ಬಿಡಬೇಕು. ನಮ್ಮ ಹಳ್ಳ ದ್ವಿತೀಯ ದರ್ಜೆಯದು. ಜಮೀನಿನೊಳಗೆ ಅದರ ಉದ್ದ 120 ಮೀಟರ್. 120 ಮೀಟರ್ ಉದ್ದಕ್ಕೆ ಒಟ್ಟು 50 ಮೀಟರ್ ಅಗಲವೆಂದರೆ 6,000 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ 59 ಗುಂಟೆ. ಹಳೆಯ ಸರ್ವೆಯವರಿಗೆ ಈ ಲೆಕ್ಕ ಬಾಯಿಪಾಠ: ನಮ್ಮ ಸರಪಳಿ 33 ಅಡಿ, ಒಂದು ಸರಪಳಿ ಚೌಕವೇ ಒಂದು ಗುಂಟೆ. 134 ಗುಂಟೆಯಲ್ಲಿ 59 ಕಳೆದರೆ ಕಟ್ಟಲು ಉಳಿದದ್ದು 75 ಗುಂಟೆ, ಅದೂ ಹಳ್ಳದ ಆಚೆ ಈಚೆ ಎರಡು ಪಟ್ಟಿಗಳಾಗಿ. ಒಂದೊಂದು ಪಟ್ಟಿಯ ಅಗಲ ಮೂವತ್ತು ಮೀಟರ್ ಚಿಲ್ಲರೆ. ಅದರಲ್ಲೇ ಕಟ್ಟಡದ ಸುತ್ತ ಬಿಡಬೇಕಾದ ಜಾಗ, ಅಗ್ನಿಶಾಮಕ ವಾಹನದ ದಾರಿ, ಕೊಳಚೆ ನೀರು ಶುದ್ಧೀಕರಣ ಘಟಕ ಎಲ್ಲವೂ ಬರಬೇಕು. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೋಗಲು ಹಳ್ಳದ ಮೇಲೆ ಸೇತುವೆ ಬೇಕು, ಅದಕ್ಕೆ ಮತ್ತೊಂದು ಅನುಮತಿ.

ಇದೇ ಜಮೀನನ್ನು ಅವರು 2017ರಲ್ಲಿ ಕೊಂಡಿದ್ದರೆ ಲೆಕ್ಕ ಇನ್ನೂ ಬಿಗಿಯಾಗುತ್ತಿತ್ತು. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಜಮೀನಿನಲ್ಲಿ ಕೈಗೊಂಡ ಬೃಹತ್ ನಿರ್ಮಾಣಗಳನ್ನು ಕುರಿತ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಮೇ ತಿಂಗಳಲ್ಲಿ ಕೆರೆಗೆ 75 ಮೀಟರ್, ಕಾಲುವೆಗಳಿಗೆ ದರ್ಜೆಯಂತೆ 50, 35 ಮತ್ತು 25 ಮೀಟರ್, ಅದನ್ನೂ ಮಧ್ಯರೇಖೆಯ ಬದಲು ಅಂಚಿನಿಂದ ಅಳೆಯಬೇಕೆಂದು ಆದೇಶಿಸಿತ್ತು. ಆ ಅಳತೆಯಲ್ಲಿ ನಮ್ಮ ಹುಡುಗರಿಗೆ ಉಳಿಯುತ್ತಿದ್ದದ್ದು ಬರಿಯ ಒಂದು ಎಕರೆ. ಶಾಸನಬದ್ಧ ಮಹಾಯೋಜನೆಯನ್ನು ನ್ಯಾಯಮಂಡಳಿ ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಮಾರ್ಚ್ 5ರಂದು ಆ ಅಂಶವನ್ನು ರದ್ದುಪಡಿಸಿದ್ದರಿಂದ ಮಹಾಯೋಜನೆಯ ಅಳತೆಗಳೇ ಮತ್ತೆ ಉಳಿದವು. 2025ರಲ್ಲಿ ಸರ್ಕಾರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಗೆ ತಿದ್ದುಪಡಿ ತರಲು ಹೊರಟು, ಕೆರೆಯ ವಿಸ್ತೀರ್ಣ ಕಡಿಮೆಯಾದಂತೆ ಸುತ್ತ ಬಿಡಬೇಕಾದ ಜಾಗವನ್ನೂ ಕಡಿಮೆ ಮಾಡುವ ವಿಧೇಯಕವನ್ನು ವಿಧಾನಮಂಡಲದ ಮುಂದಿಟ್ಟಿತು. ಸಣ್ಣ ಕಟ್ಟೆ, ಕುಂಟೆಗಳಲ್ಲಿ ನಿಂತ ನೀರೇ ಮುಂದಿನ ದೊಡ್ಡ ಕೆರೆಗೆ ಹೋಗುವುದರಿಂದ, ಮೇಲಿನ ಕಟ್ಟೆಗೆ ಜಾಗ ಕೊಡದೆ ಕೆಳಗಿನ ಕೆರೆಗೆ ಮೂವತ್ತು ಮೀಟರ್ ಕೊಡುವುದರ ಅರ್ಥ ನನಗಂತೂ ಆಗಿಲ್ಲ. ಇರಲಿ. ಹತ್ತು ವರ್ಷಗಳಲ್ಲಿ ಅಳತೆ ಹೀಗೆ ಹಿಗ್ಗಿ ಕುಗ್ಗುವಾಗ ಕೊಳ್ಳುವವನು ಯಾವುದನ್ನು ನಂಬಬೇಕು? ನನ್ನನ್ನು ಕೇಳಿದವರಿಗೆ ನಾನು ಹೇಳುವುದಿಷ್ಟು: ಅತ್ಯಂತ ಬಿಗಿಯಾದ ಅಳತೆಯನ್ನು ಹಿಡಿದು ಉಳಿಯುವ ಗುಂಟೆಗಳಿಗೆ ಮಾತ್ರ ಬೆಲೆ ಕಟ್ಟಿ, ಆ ಬೆಲೆಗೆ ಮಾಲೀಕ ಒಪ್ಪದಿದ್ದರೆ ಎದ್ದು ಬನ್ನಿ.

ಈ ಎಚ್ಚರಿಕೆ ಅತಿಯಾಯಿತು ಎನ್ನುವವರು 2016ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳಬೇಕು. ಆ ವರ್ಷದ ಮಳೆಯಲ್ಲಿ ಬೆಂಗಳೂರಿನ ದಕ್ಷಿಣದ ಬಡಾವಣೆಗಳು ಮುಳುಗಿದ ಬಳಿಕ ರಾಜಕಾಲುವೆಯ ಮೇಲಿನ ಮನೆಗಳನ್ನು ಜೆಸಿಬಿ ತಂದು ಕೆಡವಲಾಯಿತು. ಮನೆ ಕಳೆದುಕೊಂಡವರಲ್ಲಿ ಅನೇಕರ ಕೈಯಲ್ಲಿ ಖಾತೆ, ಮಂಜೂರಾದ ನಕ್ಷೆ, ತೆರಿಗೆ ರಸೀದಿ, ಬ್ಯಾಂಕ್ ಸಾಲದ ಪತ್ರ ಎಲ್ಲವೂ ಇದ್ದವು. 2022ರ ಸೆಪ್ಟೆಂಬರ್ ಮೊದಲ ವಾರ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳವರು ಟ್ರ್ಯಾಕ್ಟರ್ ಏರಿ, ದೋಣಿ ಹತ್ತಿ ಹೊರಬಂದರು. ಅವರ ಕಾಗದಪತ್ರಗಳಲ್ಲಿ ಯಾವ ಇಲಾಖೆಯವರೂ ನೀರಿನ ವಿಷಯವನ್ನು ಬರೆದಿರಲಿಲ್ಲ.

ಅನುಮತಿಗಳ ಸರಣಿ ಜೋಡಣೆಯಾಗಿರುವ ರೀತಿಯಲ್ಲೇ ತೊಂದರೆಯಿದೆ. ಮೊದಲು ಕರಾರು, ಮುಂಗಡ. ಅನಂತರ ಜಿಲ್ಲಾಧಿಕಾರಿಗಳಿಂದ ಭೂಪರಿವರ್ತನೆ, ಅದೂ ಈಗ ಬಹುಮಟ್ಟಿಗೆ ಅರ್ಜಿದಾರ ಸಲ್ಲಿಸುವ ಪ್ರಮಾಣಪತ್ರದ ಮೇಲೆ ನಡೆಯುತ್ತದೆ. ಆಮೇಲೆ ಯೋಜನಾ ಪ್ರಾಧಿಕಾರ, ಜಲಮಂಡಳಿ, ಬೆಸ್ಕಾಂ, ಅಗ್ನಿಶಾಮಕ ಇಲಾಖೆ, ವಿಮಾನ ನಿಲ್ದಾಣಗಳ ಹತ್ತಿರವಾದರೆ ಕಟ್ಟಡದ ಎತ್ತರಕ್ಕೆ ಇನ್ನೊಂದು ನಿರಾಕ್ಷೇಪಣೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಾಪನಾ ಸಮ್ಮತಿ, ನಿರ್ಮಾಣದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ರಾಜ್ಯಮಟ್ಟದ ಪ್ರಾಧಿಕಾರದಿಂದ ಪರಿಸರ ಅನುಮತಿ. ಒಂದೊಂದು ಕಚೇರಿಯೂ ತನಗೆ ಸಂಬಂಧಿಸಿದ ಸಾಲನ್ನು ಮಾತ್ರ ಓದುತ್ತದೆ. ಹಳ್ಳದ ಪ್ರಶ್ನೆ ಮೇಲೇಳುವ ಹೊತ್ತಿಗೆ ಅರ್ಜಿದಾರನ ದುಡ್ಡೆಲ್ಲ ನೆಲದಲ್ಲಿ ಹೂತುಹೋಗಿರುತ್ತದೆ. ದುಡ್ಡು ಹೂತವನು ಹಿಂದೆ ಸರಿಯಲಾರ. ಹಳ್ಳವನ್ನೇ ಸರಿಸಲು ನೋಡುತ್ತಾನೆ. ನಕ್ಷೆಯಲ್ಲಿ ಅಂಕುಡೊಂಕಾಗಿದ್ದ ಕಾಲುವೆ ಜಮೀನಿನ ಮೂಲೆಗೆ ಹೋಗಿ ಕಾಂಕ್ರೀಟ್ ಪೆಟ್ಟಿಗೆಯೊಳಗೆ ಲಂಬಕೋನದಲ್ಲಿ ತಿರುಗುವುದು ಹೀಗೆಯೇ. ರಭಸವಾಗಿ ಬಂದ ನೀರು ಆ ತಿರುವಿನಲ್ಲಿ ಎದುರಿನ ಗೋಡೆ ಹಾರುತ್ತದೆ.

ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆಯನ್ನು ಓದಿದಾಗ ನನಗೆ ಒಂದು ಸಾಲು ವಿಶೇಷವಾಗಿ ಕಂಡಿತು. ಪೂರ್ವಾನುಮತಿ ಸಿಗುವವರೆಗೆ ನಿರ್ಮಾಣವನ್ನಾಗಲಿ ನೆಲ ಸಮತಟ್ಟು ಮಾಡುವುದನ್ನಾಗಲಿ ಆರಂಭಿಸುವಂತಿಲ್ಲ, ಜಮೀನನ್ನು ಭದ್ರಪಡಿಸಿಕೊಳ್ಳುವುದಕ್ಕೆ ಮಾತ್ರ ವಿನಾಯಿತಿ ಇದೆ. ಅಂದರೆ ಜಾಗದ ಆಯ್ಕೆ ಮುಗಿದ ಮೇಲೆಯೇ ಪರಿಶೀಲನೆ ಶುರುವಾಗುವುದನ್ನು ಕಾನೂನೂ ಒಪ್ಪಿಕೊಂಡಿದೆ. ಅರ್ಜಿ ನಮೂನೆಯಲ್ಲಿ ಪರ್ಯಾಯ ಜಾಗಗಳನ್ನು ಪರಿಶೀಲಿಸಿದ್ದೀರಾ ಎಂಬ ಪ್ರಶ್ನೆಯೂ ಇದೆ. ಕ್ರಯಪತ್ರ ಆಗಿಹೋದವನು ಅಲ್ಲಿ ‘ಅನ್ವಯಿಸುವುದಿಲ್ಲ’ ಎಂದಲ್ಲದೆ ಬೇರೆ ಏನು ಬರೆದಾನು? ನನ್ನ ಅಳಿಯನ ವಾಸ್ತುಶಿಲ್ಪಿಯಂತೂ, ಒಟ್ಟು ವಿಸ್ತೀರ್ಣವನ್ನು 19,800 ಚದರ ಮೀಟರ್‌ಗೆ ನಿಲ್ಲಿಸಿಬಿಟ್ಟರೆ ಪರಿಸರ ಅನುಮತಿಯ ತಲೆನೋವೇ ಇಲ್ಲ ಎಂದು ಉಪಾಯ ಹೇಳಿಕೊಟ್ಟರು. ಇನ್ನೂರು ಚದರ ಮೀಟರ್ ಕಡಿಮೆ ಕಟ್ಟಿದ ಮಾತ್ರಕ್ಕೆ ಆ ಹಳ್ಳದ ನೀರು ಎಷ್ಟು ಕಡಿಮೆಯಾಗುತ್ತದೆ ಎಂದು ಕೇಳಿದೆ. ನಕ್ಕು ಸುಮ್ಮನಾದರು.

ಮೊದಲು ಕಟ್ಟಿ ಆಮೇಲೆ ದಂಡ ಕಟ್ಟಿದರಾಯಿತು ಎನ್ನುವವರೂ ಇದ್ದಾರೆ. ಯೋಜನೆ ಆರಂಭವಾದ ಮೇಲೆ ಕೊಡುವ ಪರಿಸರ ಅನುಮತಿಯನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಕಾನೂನುಬಾಹಿರವೆಂದು ತೀರ್ಪಿತ್ತಿತು. ಅದೇ ವರ್ಷದ ನವೆಂಬರ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇಬ್ಬರ ಬಹುಮತದಿಂದ ಆ ತೀರ್ಪನ್ನು ಹಿಂಪಡೆಯಿತು. ಆರು ತಿಂಗಳಲ್ಲಿ ಅಷ್ಟು ದೊಡ್ಡ ತಿರುವು ಕಂಡ ವಿಷಯವನ್ನು ನಂಬಿ ಯಾರಾದರೂ ಸಾಲ ಮಾಡುವುದಾದರೆ ಮಾಡಲಿ. ಸರ್ಕಾರಿ ಸಂಸ್ಥೆಗಳೂ ಇದರಿಂದ ಪಾರಾಗಿಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಪೆರಿಫೆರಲ್ ವರ್ತುಲ ರಸ್ತೆಗೆ ಸಿಕ್ಕಿದ್ದ ಪರಿಸರ ಅನುಮತಿಯಲ್ಲಿನ ಲೋಪಗಳನ್ನು 2020ರ ಮಾರ್ಚ್‌ನಲ್ಲಿ ಎತ್ತಿ ತೋರಿಸಿದ ಸುಪ್ರೀಂ ಕೋರ್ಟ್, ಮೂರು ವರ್ಷಕ್ಕಿಂತ ಹಳೆಯ ಮಾಹಿತಿಯನ್ನು ಆಧರಿಸಿದ್ದನ್ನೂ ಆಕ್ಷೇಪಿಸಿ ಹೊಸದಾಗಿ ಅಧ್ಯಯನ ನಡೆಸಲು ಹೇಳಿತು. ವಕೀಲರು, ಸಲಹೆಗಾರರ ದೊಡ್ಡ ಪಡೆಯಿರುವ ಪ್ರಾಧಿಕಾರಕ್ಕೇ ಈ ಗತಿಯಾದರೆ ನಾಲ್ಕು ಜನ ಗೆಳೆಯರ ಪಾಡೇನು?

ನೀರಿನ ಮಾತು ಬೆಂಗಳೂರಿಗೆ ಹತ್ತಿರವಾದ್ದರಿಂದ ಅದನ್ನೇ ಹಿಡಿದು ಬರೆಯುತ್ತಿದ್ದೇನೆ. ಬೇರೆ ಕಡೆ ನಿರ್ಬಂಧದ ಹೆಸರು ಬೇರೆ. ಬನ್ನೇರುಘಟ್ಟದ ಸುತ್ತಲಿನ ಪರಿಸರ ಸೂಕ್ಷ್ಮ ವಲಯ ಮೊದಲ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇದ್ದದ್ದು 2020ರ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು, ಆ ನಡುವಿನ ನೂರು ಚದರ ಕಿಲೋಮೀಟರ್‌ನಲ್ಲಿ ಜಮೀನಿದ್ದವರು ಅಷ್ಟು ವರ್ಷ ಯಾವ ನಿಯಮದಡಿ ಬದುಕಿದರೋ ಅವರೇ ಹೇಳಬೇಕು. ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ ಪ್ರದೇಶಕ್ಕೆ 2003ರ ಸರ್ಕಾರಿ ಆದೇಶವಿದ್ದು, ಅರ್ಕಾವತಿ, ಕುಮುದ್ವತಿ ನದಿಗಳಿಂದ ಇರುವ ದೂರವನ್ನು ನೋಡಿಕೊಂಡು ಏನನ್ನು ಕಟ್ಟಬಹುದು, ಏನನ್ನು ಕಟ್ಟಬಾರದು ಎಂಬುದು ನಿಗದಿಯಾಗಿತ್ತು. ನೆಲಮಂಗಲದ ಕಡೆ ಗೋದಾಮಿಗೆಂದು ಜಾಗ ಹುಡುಕುವ ಎಷ್ಟು ಮಂದಿಗೆ ಈ ಆದೇಶ ಗೊತ್ತಿದೆ? ಮಲೆನಾಡಿನಲ್ಲಿ ಪಹಣಿ ನೋಡಿ ಕಂದಾಯ ಭೂಮಿಯೆಂದು ಕೊಂಡದ್ದು ಅರಣ್ಯ ಇಲಾಖೆಯ ಪಟ್ಟಿಯಲ್ಲಿ ಪರಿಭಾವಿತ ಅರಣ್ಯ, ಅಂದರೆ ಅರಣ್ಯವೆಂದೇ ಪರಿಗಣಿಸಿದ ನೆಲವಾಗಿರುತ್ತದೆ. ಕರಾವಳಿಯಲ್ಲಿ ಸಮುದ್ರದ ಉಬ್ಬರದ ರೇಖೆಯಿಂದ ಎಷ್ಟು ದೂರ ಎಂಬ ಲೆಕ್ಕ. ಇನ್ನು ಇಳಿಜಾರು: 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದದ್ದನ್ನು ಕಂಡ ಮೇಲೂ, ಗುಡ್ಡದ ಬುಡ ಕಡಿದು ಮಟ್ಟಸ ಮಾಡಿದ ಜಾಗಕ್ಕೆ ‘ವ್ಯೂ ಪಾಯಿಂಟ್ ಸೈಟ್’ ಎಂದು ಹೆಚ್ಚಿನ ಬೆಲೆ ಹೇಳುವುದು ನಿಂತಿಲ್ಲ.

ನನ್ನ ಸಲಹೆ ಹೀಗಿದೆ. ಒಂದು ಸರ್ವೆ ನಂಬರಿನ ಮೇಲೆ ಯಾವ ಬ್ಯಾಂಕಿನ ಸಾಲವಿದೆ, ಯಾರ ಕರಾರಿದೆ ಎಂದು ತಿಳಿಯಲು ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪತ್ರ ಸಿಗುವಂತೆ, ಅದೇ ಸರ್ವೆ ನಂಬರಿನ ಮೇಲೆ ನೀರು, ಕಾಡು, ಗುಡ್ಡ, ಯೋಜನಾ ವಲಯಗಳ ಯಾವ ನಿರ್ಬಂಧವಿದೆ ಎಂದು ತಿಳಿಸುವ ಒಂದು ನಿರ್ಬಂಧ ಪತ್ರ ಸಿಗಬೇಕು. ಅದರಲ್ಲಿ ಖರಾಬಿನ ವಿವರ, ಹಳ್ಳ ಅಥವಾ ಕಾಲುವೆಯ ದರ್ಜೆ, ಹತ್ತಿರದ ಕೆರೆಯ ಪೂರ್ಣ ಜಲಮಟ್ಟದ ಗಡಿ, ಅರಣ್ಯ ಮತ್ತು ಪರಿಸರ ಸೂಕ್ಷ್ಮ ವಲಯದ ಗಡಿ, ಮಹಾಯೋಜನೆಯ ನಕ್ಷೆಯಲ್ಲಿ ಆ ಜಾಗದ ಬಣ್ಣ (ಅಂದರೆ ಬಳಕೆಯ ವರ್ಗ), ಅಂತರ್ಜಲದ ವರ್ಗೀಕರಣ ಇಷ್ಟು ಇದ್ದರೆ ಸಾಕು. ಕೊನೆಯ ಸಾಲಿನಲ್ಲಿ, ಇವನ್ನೆಲ್ಲ ಕಳೆದ ಮೇಲೆ ಕಟ್ಟಲು ಉಳಿಯುವ ವಿಸ್ತೀರ್ಣ ಇಷ್ಟು ಎಕರೆ ಇಷ್ಟು ಗುಂಟೆ ಎಂದು ಬರೆದು ಭೂಮಾಪಕರ ಸಹಿ ಬೀಳಬೇಕು. ಈ ಪತ್ರವಿಲ್ಲದೆ ಪರಿವರ್ತಿತ ಜಮೀನಿನ ಅಥವಾ ಪರಿವರ್ತನೆಯ ಉದ್ದೇಶದ ಕ್ರಯದ ಕರಾರು ನೋಂದಣಿ ಆಗಬಾರದು. ರೈತರು ರೈತರಿಗೆ ಸಾಗುವಳಿಗೆಂದು ಮಾರುವುದಕ್ಕೆ ಈ ಕಟ್ಟಳೆ ಬೇಡ.

ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಇದೆಲ್ಲ ಕಾಣುತ್ತದಲ್ಲ ಎಂದು ಅಧಿಕಾರಿಗಳು ಹೇಳಬಹುದು. ಆ್ಯಪ್ ಒಳ್ಳೆಯದೇ, ನಾನೂ ಬಳಸುತ್ತೇನೆ, ಜಮೀನಿನಲ್ಲಿ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಆದರೆ ಅದು ಮಾರ್ಗದರ್ಶಿಯಷ್ಟೇ, ಪ್ರಮಾಣಿತ ದಾಖಲೆಯಲ್ಲ. ಹದಿನೈದು ಮೀಟರ್ ಬಿಡಬೇಕಾದ ಕಡೆ ಮೊಬೈಲ್ ನಾಲ್ಕೈದು ಮೀಟರ್ ಆಚೀಚೆ ತೋರಿಸಿದರೆ ಒಂದು ಮನೆಯೇ ಹೋಗುತ್ತದೆ. ಜಗಳ ಬಂದಾಗ ಮೊಬೈಲ್ ಪರದೆಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲು ಆಗುವುದಿಲ್ಲ. ಸರ್ವೆಯ ಮೂಲ ದಾಖಲೆಗಳಾದ ಟಿಪ್ಪಣಿ ಪುಸ್ತಕ, ಆಕಾರ್‌ಬಂದ್, ಗ್ರಾಮ ನಕ್ಷೆ ಇವೇ ಬೇಕಾಗುತ್ತವೆ.

ಇನ್ನೊಂದು ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಳ್ಳದ ಪಕ್ಕದ ರೈತನ ಜಮೀನಿನ ಬೆಲೆ ಇಂಥ ಪತ್ರದಿಂದ ಬಿದ್ದುಹೋಗುತ್ತದೆ, ಮಗಳ ಮದುವೆಗೋ ಸಾಲಕ್ಕೋ ಮಾರುವವನ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ ಎಂಬುದು ಅದು. ನಾನು ಕಂಡಂತೆ ಹಳ್ಳದ ಜಮೀನಿಗೆ ಊರಿನಲ್ಲಿ ಮೊದಲೇ ಕಡಿಮೆ ಬೆಲೆಯಿದೆ, ಏಕೆಂದರೆ ಊರಿನವರಿಗೆ ಎಲ್ಲವೂ ಗೊತ್ತು. ಆ ಕಡಿಮೆ ಬೆಲೆಗೆ ಕರಾರು ಹಾಕಿಕೊಂಡ ದಲ್ಲಾಳಿಯು ಏನೂ ಗೊತ್ತಿಲ್ಲದ ಪಟ್ಟಣದವನಿಗೆ ಪೂರ್ತಿ ಬೆಲೆಗೆ ದಾಟಿಸುತ್ತಾನೆ. ಅಂತರ ಉಳಿಯುವುದು ನಡುವಿನವನ ಜೇಬಿನಲ್ಲಿ. ಪತ್ರ ಬಂದರೆ ಕಷ್ಟಕ್ಕೆ ಸಿಲುಕುವವನೂ ಅವನೇ. ಹಾಗಿದ್ದೂ ಕಾಲುವೆಗಾಗಿ ಜಾಗ ಬಿಟ್ಟ ಮೂಲ ರೈತನಿಗೆ ಬೇರೆ ಕಡೆ ಹೆಚ್ಚು ಕಟ್ಟಲು ಬಳಸುವ ಅಭಿವೃದ್ಧಿ ಹಕ್ಕಿನ ರೂಪದಲ್ಲೋ ಬೇರೆ ರೀತಿಯಲ್ಲೋ ಏನಾದರೂ ಸಲ್ಲಬೇಕೆಂದರೆ ನಾನು ವಿರೋಧಿಸುವುದಿಲ್ಲ.

ಅಳಿಯನ ವಿಷಯ ಕೇಳಿದಿರಾದರೆ, ಕರಾರು ಮುರಿದು ಹದಿನೆಂಟು ಲಕ್ಷ ವಾಪಸು ಬಂತು, ಉಳಿದದ್ದು ಬರಲಿಲ್ಲ. ಕಳೆದ ತಿಂಗಳು ಆ ದಾರಿಯಲ್ಲಿ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದೆ. ಹೊಂಗೆ ಮರಗಳಿರಲಿಲ್ಲ, ತಗ್ಗು ಇರಲಿಲ್ಲ, ಕೆಂಪು ಮಣ್ಣು ಸುರಿದು ಮಟ್ಟ ಮಾಡಿ ಬಣ್ಣದ ಬಾವುಟಗಳನ್ನು ನೆಟ್ಟಿದ್ದರು. ಎರಡು ಕಣ್ಣಿನ ಮೋರಿಯಲ್ಲಿ ಒಂದು ಕಣ್ಣು ಮುಚ್ಚಿತ್ತು. ಹೊಸದಾಗಿ ಮುಂಗಡ ಕೊಡಲು ಬರುವವನಿಗೆ ಅಲ್ಲಿ ಹಳ್ಳವಿತ್ತೆಂದು ಕಣ್ಣಿನಿಂದ ತಿಳಿಯುವ ದಾರಿ ಈಗ ಇಲ್ಲ. ತಿಳಿಯುವುದಿದ್ದರೆ ದಾಖಲೆಯಿಂದಲೇ ತಿಳಿಯಬೇಕು.

ಈ ನಿರ್ಬಂಧ ಪತ್ರಕ್ಕಾಗಿ ಹೊಸ ಪ್ರಾಧಿಕಾರವೊಂದನ್ನು ದಯವಿಟ್ಟು ಸ್ಥಾಪಿಸಬಾರದೆಂದು ಕೋರುತ್ತೇನೆ. ಬೆಂಗಳೂರಿನ ಪಾಲಿಕೆಯೇ ಒಂದಿದ್ದದ್ದು ಐದಾಗಿ, ಯಾವ ಅರ್ಜಿ ಯಾರಿಗೆ ಎಂದು ಜನ ಇನ್ನೂ ಹುಡುಕುತ್ತಿದ್ದಾರೆ. ಗ್ರಾಮ ನಕ್ಷೆಗಳೂ ಖರಾಬಿನ ವಿವರಗಳೂ ಭೂಮಾಪನ ಇಲಾಖೆಯಲ್ಲಿವೆ, ಅರಣ್ಯದ ಗಡಿ ಅರಣ್ಯ ಇಲಾಖೆಯಲ್ಲಿದೆ, ಮಹಾಯೋಜನೆ ಯೋಜನಾ ಪ್ರಾಧಿಕಾರದಲ್ಲಿದೆ. ಜಮೀನಿನ ಗಡಿ ಗುರುತಿಸುವ ಹದ್ದುಬಸ್ತಿಗೆ ಅರ್ಜಿ ಹಾಕಿದಂತೆ ತಾಲ್ಲೂಕು ಕಚೇರಿಯಲ್ಲೇ ಇದಕ್ಕೂ ಅರ್ಜಿ ಹಾಕುವಂತಾಗಲಿ, ಮೂವತ್ತು ದಿನಗಳ ಗಡುವಿರಲಿ, ಶುಲ್ಕ ಎಷ್ಟೇ ಇಟ್ಟರೂ ಕೊಳ್ಳುವವರು ಕೊಡುತ್ತಾರೆ. ಕಂದಾಯ ಸಚಿವರು ಮೊದಲ ಹಂತದಲ್ಲಿ ಬೆಂಗಳೂರು ಪೂರ್ವ ಮತ್ತು ಆನೇಕಲ್ ತಾಲ್ಲೂಕುಗಳಲ್ಲಿ ಇದನ್ನು ಪ್ರಯೋಗಿಸಿ ನೋಡಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಭೂಮಾಪಕ, ತುಮಕೂರು